ಮೊದಲ ಭಾಷಣಕ್ಕೆ ಯಾರೂ ಅಡ್ಡ ಬರುವುದಿಲ್ಲ

ಗಂಡ ಲಾರ್ಡ್ ಆದರೆ ಹೆಂಡತಿ ತಾನಾಗಿಯೇ ಲೇಡಿ ಆಗುತ್ತಾಳಂತೆ, ಅರ್ಜಿಯಿಲ್ಲ, ಪರೀಕ್ಷೆಯಿಲ್ಲ. ಇಪ್ಪತ್ತಾರು ವರ್ಷ ಸೌತ್‌ಹಾಲಿನಲ್ಲಿ ಸರ್ಜರಿ ಎಂಬ ದವಾಖಾನೆ ನಡೆಸಿ, ಜನರ ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದ ನಮ್ಮ ಯಜಮಾನರು, ಡಾಕ್ಟರ್ ಬಸವಂತಪ್ಪ, ೧೯೯೮ರ ಬೇಸಿಗೆಯಲ್ಲಿ ಇಲ್ಲಿಯ ಪಾರ್ಲಿಮೆಂಟಿನ ಮೇಲ್ಮನೆಗೆ, ಅಂದರೆ ಹೌಸ್ ಆಫ್ ಲಾರ್ಡ್ಸಿಗೆ, ನೇಮಕವಾದರು. ಅವತ್ತಿನಿಂದ ಸ್ಟ್ಯಾನ್ಮೋರಿನ ನಮ್ಮ ಮನೆಗೆ ಬರುವ ಕಾಗದಗಳ ಮೇಲೆಲ್ಲ ನಾನು ಲೇಡಿ. ನನ್ನ ನಿಜವಾದ ಹೆಸರು ಕೃಷ್ಣವೇಣಿ. ಧಾರವಾಡದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುವವಳು. ಇದನ್ನು ಹೇಳುವಾಗಲೂ ಅದು ಅಲ್ಲೇ ಇದೆ, ಇರಲಿ.

ಆ ಅಕ್ಟೋಬರಿನಲ್ಲಿ ನಮ್ಮ ಮನೆಯ ಸಣ್ಣ ಕೋಣೆಯಲ್ಲಿ ನಾಗವ್ವ ಇದ್ದಳು. ವಿಜಾಪುರದ ಕಡೆಯ ಹುಡುಗಿ, ಇಪ್ಪತ್ಮೂರು ವರ್ಷ. ಸೌತ್‌ಹಾಲಿನ ಹುಡುಗನಿಗೆ ಕೊಟ್ಟು ಮದುವೆ ಮಾಡಿ ಕಳಿಸಿದ್ದರು. ಅವನೋ, ಕೈಗೆ ಸಿಕ್ಕಿದ್ದರಲ್ಲಿ ಬಡಿಯುವವನು. ಹತ್ತು ತಿಂಗಳು ತಾಳಿಕೊಂಡಳು. ಮೇ ತಿಂಗಳಲ್ಲಿ ನಮ್ಮವರ ಬಸವ ಜಯಂತಿಯ ದಿನ, ಸಮಾರಂಭದ ಸಭಾಭವನದ ಅಡುಗೆಮನೆಯಲ್ಲಿ ನನ್ನ ಪಕ್ಕ ಹೋಳಿಗೆ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟು, "ಅಕ್ಕಾರ, ನಾ ಇವತ್ತ ಮನಿಗೆ ಹೋಗೂದಿಲ್ಲರಿ" ಎಂದಳು. ಕರೆದುಕೊಂಡು ಬಂದೆ.

ಆದರೆ ಆಗಿನ ಕಾನೂನು ಹಾಗಿತ್ತು: ಮದುವೆಯಾಗಿ ಬಂದವಳು ಒಂದು ವರ್ಷ ತುಂಬುವ ಮೊದಲು ಗಂಡನನ್ನು ಬಿಟ್ಟರೆ ದೇಶವನ್ನೂ ಬಿಡಬೇಕು. ಊರಿನಲ್ಲಿ ಅವಳ ಅಪ್ಪ ಫೋನಿನಲ್ಲೇ, "ಗಂಡನ್ನ ಬಿಟ್ಟ ಬಂದ್ರ ನನ್ನ ಹೊಸ್ತಲಾ ತುಳೀಬ್ಯಾಡ" ಎಂದಿದ್ದ. ಗಂಡನ ಚಿಕ್ಕಪ್ಪಂದಿರು ಅದೇ ಊರಿನವರು. "ಬರ್ಲಿ, ನೋಡ್ಕೋತೀವಿ" ಎಂದು ಹೇಳಿ ಕಳಿಸಿದ್ದರು. ಅದೆಂಥ ನೋಡಿಕೊಳ್ಳುವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾತ್ರಿ ಅನ್ನುವುದಿಲ್ಲ, ಹಗಲು ಅನ್ನುವುದಿಲ್ಲ, ಬೆಲ್ಲು ಬಾರಿಸಿದರೆ ಆ ಹುಡುಗಿ ಬೆಚ್ಚಿ ಬೀಳುತ್ತಿದ್ದಳು.

ಗಂಡ ಹೊಡೆಯುತ್ತಿದ್ದ, ಇಲ್ಲೇ ಇರಲು ಬಿಡಿ ಎಂದು ಅವಳ ಪರವಾಗಿ ಅರ್ಜಿ ಹಾಕಿದವಳು ವಕೀಲೆ ಮೆಲಿಷಾ. ಮಂಗಳೂರಿನ ಕ್ಯಾಥೊಲಿಕರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಒಂದು ಸೋಮವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು, ಊಟದ ಟೇಬಲ್ಲಿನ ಮೇಲೆ ಕಾಗದ ಇಟ್ಟು, ನನ್ನ ಮುಖ ನೋಡದೆ ಮಾತಾಡಿದಳು.

"ಆಂಟಿ, ರಿಫ್ಯೂಸ್ ಆಗಿದೆ. ಹೊಸ ಎವಿಡೆನ್ಸ್ ಉಂಟಾದ್ರೆ ಬರುವ ಸೋಮವಾರದ ಒಳಗೆ ಕೊಡ್ಬೇಕು. ಇಲ್ಲದಿದ್ರೆ ಮಂಗಳವಾರ ಫ್ಲೈಟ್."

"ಯಾಕ? ಏನಂತ ಕಾರಣಾ?"

"ಗಂಡ ಹೊಡೆದದ್ದಲ್ಲ, ಮೆಟ್ಟಿಲಿಂದ ಬಿದ್ದದ್ದು ಅಂತ ಅವಳ ಜಿಪಿಯೇ ಬರೆದಿದ್ದಾರೆ."

"ಯಾವ ಹುಚ್ಚ ಡಾಕ್ಟರ್ ಅಂವಾ?"

ಮೆಲಿಷಾ ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಸರ್ಜರಿಯ ನೋಟಿನ ಜೆರಾಕ್ಸ್. ಫೆಬ್ರುವರಿಯ ತಾರೀಖು. ಕೆಳಗೆ ಮೂವತ್ತು ವರ್ಷದಿಂದ ನಾನು ನೋಡುತ್ತ ಬಂದ ಸಹಿ. ನಾಗವ್ವ ನಮ್ಮ ಯಜಮಾನರ ಸರ್ಜರಿಗೆ ಹೋಗಿದ್ದಳೆಂದು ಇಬ್ಬರೂ ನನಗೆ ಹೇಳಿರಲಿಲ್ಲ.

ಸಂಜೆ ಅವರು ಬಂದು ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ. "ಏನ್ರೀ ಇದು?" ಎಂದು ಕೈಗೆ ಹಿಡಿಸಿದೆ.

ಓದಿದರು. ಕುರ್ಚಿ ಎಳೆದುಕೊಂಡು ಕೂತರು.

"ಆಕಿ ಅತ್ತಿ ಕಾಶವ್ವ ಜೋಡಿ ಬಂದಿದ್ಲು. ನಮ್ಮ ಅವ್ವನ ತವರೂರಾಕಿ. ನಾ ಆಕಿಗೆ ಅಕ್ಕಾ ಅಂತೀನಿ. ಹಿರೇ ಮನಷಾಳು ಎದುರಿಗೆ ಕುಂತು, ಪಾವಟಿಗಿ ಇಳಿಯೂ ಮುಂದ ಬಿದ್ದಾಳಪಾ ಅಂದ್ಲು. ಹೊರಗ ಹೋಗಿ ಕುಂಡ್ರು ಅಂತ ಹ್ಯಾಂಗ ಅನ್ಲಿ? ಬರದೆ."

ಇದೇ ನಮ್ಮವರ ರೋಗ. ಕನ್ನಡ ಬಾರದ ಯಾವ ಡಾಕ್ಟರಾಗಿದ್ದರೂ ಅತ್ತೆಯನ್ನು ಹೊರಗೆ ಕೂರಿಸಿ, ದುಭಾಷಿಯನ್ನು ಕರೆಸಿ, ಹುಡುಗಿಯನ್ನೇ ಕೇಳುತ್ತಿದ್ದ. ಕನ್ನಡ ಬಲ್ಲ ನಮ್ಮ ಡಾಕ್ಟರು ಮಾತ್ರ ಅಕ್ಕಾ ಎಂದು, ಊರಿನ ಮಳೆ ಬೆಳೆ ವಿಚಾರಿಸಿ, ಅತ್ತೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಇಳಿಸಿ ಕಳಿಸಿದ್ದರು.

"ಹಂಗಾರ ಈಗ ಬರಕೊಡ್ರಿ, ತಪ್ಪಾಗೇತಿ ಅಂತ."

"ಬರಕೊಡ್ತೀನಿ. ಗುರುವಾರ ನನ್ನ ಮೊದಲನೇ ಭಾಷಣಾ ಐತಿ. ಅದೊಂದ ಮುಗೀಲಿ. ಅದಕಿಂತಾ ಮೊದಲ ಇದು ಪೇಪರಿಗೆ ಹೋದ್ರ, ಸುಳ್ಳ ಬರದ ಡಾಕ್ಟರ್ ಬಂದಾ ಅಂತಾರ. ಶುಕ್ರವಾರ ಬರಕೊಡ್ತೀನಿ."

"ನಾಳೆ ಅಂದವನ ಮನಿ ಹಾಳ."

"ಕೃಷ್ಣಾ, ನನ್ನ ಮ್ಯಾಲ ಇಷ್ಟೂ ನಂಬಿಗಿ ಇಲ್ಲೇನ?"

ಇತ್ತು, ಅದೇ ನನ್ನ ಸಂಕಟ. ಅವರು ಕೆಟ್ಟವರಲ್ಲ, ಮೆತ್ತನೆಯವರು. ಹೊರಗೆ ಮೂವತ್ತು ಜನ ಕಾಯುತ್ತಿದ್ದಿರಬೇಕು, ಹುಡುಗಿಯ ಕಡೆ ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಗವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಐದು ತಿಂಗಳಿಂದ ಇದೇ ಮನೆಯ ರೊಟ್ಟಿ ತಿಂದವಳು ಏನಂದಾಳು?

ಆ ಮೇಲ್ಮನೆಯ ಪದ್ಧತಿಯೂ ಒಂದು ಥರ. ಹೊಸಬರ ಮೊದಲ ಭಾಷಣ ಚಿಕ್ಕದಿರಬೇಕು, ಯಾರ ಮನಸ್ಸಿಗೂ ನೋವಾಗಬಾರದು, ಜಗಳದ ಮಾತು ಎತ್ತಬಾರದು. ಬದಲಿಗೆ ಯಾರೂ ಅಡ್ಡ ಬರುವುದಿಲ್ಲ, ಮುಂದೆ ಮಾತಾಡುವವರೆಲ್ಲ ಅವರನ್ನು ಹೊಗಳಬೇಕು. ಅಳಿಯನ ಮೊದಲ ದೀಪಾವಳಿಯ ಹಾಗೆ. ಎರಡನೆಯ ಸಲ ಎದ್ದು ನಿಂತರೆ ಈ ಯಾವ ರಿಯಾಯಿತಿಯೂ ಇಲ್ಲ. ಗುರುವಾರದ ಚರ್ಚೆ ನಡೆಯುವುದು ವಲಸೆ ಕಾನೂನಿನ ಹೊಸ ಮಸೂದೆಯ ಮೇಲೆ, ಆ ಒಂದು ವರ್ಷದ ನಿಯಮವೂ ಅದರಲ್ಲೇ ಇತ್ತು. ಅಲ್ಲಿ ಇವರು ಬಾಯಿ ಬಿಡಬೇಕು, ಯಾರಿಗೂ ನೋವಾಗದ ಹಾಗೆ!

ನಾಗವ್ವ ತಾನೂ ಬರುತ್ತೇನೆ ಎಂದಳು. "ನನ್ನಂಥಾರ ಸುದ್ದೀನ ಅಲ್ಲೇನ್ರಿ? ಬರ್ತೀನಿ."

ಟ್ಯೂಬಿನಲ್ಲಿ ಚೇರಿಂಗ್ ಕ್ರಾಸಿಗೆ ಬಂದು ಅಲ್ಲಿಂದ ನಡೆದೆವು. ಲಾರ್ಡುಗಳ ಹೆಂಡಂದಿರಿಗೆ ಬೇರೆಯೇ ಜಾಗವಿತ್ತು, ನಾನು ಹೋಗಲಿಲ್ಲ. ನಾಗವ್ವನ ಜೊತೆ ಮೇಲೆ ಸಾರ್ವಜನಿಕರ ಗ್ಯಾಲರಿಯಲ್ಲಿ ಕೂತೆ. ಮಾತಾಡಬಾರದು, ಚಪ್ಪಾಳೆ ಹೊಡೆಯಬಾರದು, ಎದ್ದು ನಿಲ್ಲಬಾರದು ಎಂದು ಕರಿ ಕೋಟಿನ ದ್ವಾರಪಾಲಕ ಹೇಳಿ ಹೋದ. ಕೆಳಗೆ ಕೆಂಪು ಚರ್ಮದ ಬೆಂಚುಗಳು, ಎಲ್ಲಿ ನೋಡಿದರೂ ಬಂಗಾರದ ಬಣ್ಣ. ನಾಗವ್ವ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು.

ನಾಲ್ಕು ಗಂಟೆಯ ಹೊತ್ತಿಗೆ ಯಜಮಾನರು ಎದ್ದರು. ಎಂಟು ನಿಮಿಷ ಮಾತಾಡಿದರು. ಬಾಗಿಲು ಕಾಯುವವರಿಗೆ ವಂದನೆ, ಊಟ ಬಡಿಸುವವರಿಗೆ ವಂದನೆ. ಎಂಟುನೂರು ವರ್ಷದ ಹಿಂದೆ ನಮ್ಮಲ್ಲೂ ಅನುಭವ ಮಂಟಪ ಎಂಬ ಸಭೆಯಿತ್ತು ಎಂದರು. ಅದನ್ನು ಹೇಳದೆ ನಮ್ಮ ಕಡೆಯವರು ಭಾಷಣ ಮಾಡಿದ್ದನ್ನು ನಾನು ನೋಡಿಲ್ಲ. ಕೊನೆಗೆ, ದೂರದಿಂದ ಬಂದ ಸೊಸೆಯಂದಿರ ಬಗ್ಗೆ ಸರ್ಕಾರ ಸ್ವಲ್ಪ ಕರುಣೆ ತೋರಲಿ ಎಂಬ ಒಂದೇ ಒಂದು ವಾಕ್ಯ. ಕೂತುಬಿಟ್ಟರು.

"ಹಿಯರ್, ಹಿಯರ್" ಎಂದು ಎಲ್ಲ ಕಡೆಯಿಂದಲೂ ಮೆಚ್ಚುಗೆಯ ದನಿ ಎದ್ದಿತು. ಮುಂದೆ ಮಾತಾಡಿದ ಒಬ್ಬೊಬ್ಬರೂ ಮನಮುಟ್ಟುವ ಭಾಷಣ, ಸಭೆಗೆ ಭೂಷಣ ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಎದುರಿಗಿದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

"ನನ್ನ ಸುದ್ದಿ ತಗದ್ರೇನ್ರಿ?" ಎಂದು ನಾಗವ್ವ ಪಿಸುಗುಟ್ಟಿದಳು.

"ಇಲ್ಲವಾ."

"ಇನ್ನ ಮಾತಾಡ್ತಾರೇನ್ರಿ?"

"ಇಲ್ಲ. ಒಬ್ಬೊಬ್ಬರಿಗೆ ಒಂದ ಸಲ ಅಷ್ಟ."

ಆರು ಗಂಟೆಗೆ ಮಂತ್ರಿಗಳು ಎಲ್ಲರಿಗೂ ಉತ್ತರ ಕೊಡಲು ಎದ್ದರು. ನಯವಾದ ಮಾತುಗಾರ. ನಿಜವಾಗಿ ಪೆಟ್ಟು ತಿಂದ ಹೆಂಗಸರು ಹೆದರಬೇಕಾಗಿಲ್ಲ ಎಂದರು. ಅಂಥವರ ಬಳಿ ಆಗಲೇ ಡಾಕ್ಟರು ಬರೆದ ನೋಟು ಇರುತ್ತದೆ, ಅದು ಯಾರ ಮುಲಾಜಿಗೂ ಬೀಳುವುದಿಲ್ಲ ಎಂದರು. ಆಮೇಲೆ ನಗುತ್ತ ನಮ್ಮವರ ಕಡೆ ತಿರುಗಿ, "ಇವತ್ತು ಮೊದಲ ಸಲ ನಾವು ಕೇಳಿದ ಗೌರವಾನ್ವಿತ ಸದಸ್ಯರಂಥ ವೈದ್ಯರ ಮಾತನ್ನು ಈ ಸರ್ಕಾರ ಕಣ್ಣು ಮುಚ್ಚಿ ನಂಬುತ್ತದೆ" ಎಂದರು.

ಮತ್ತೆ ಹಿಯರ್, ಹಿಯರ್.

ಯಜಮಾನರು ತಲೆ ತಗ್ಗಿಸಿದರು. ಮಂತ್ರಿ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಅವರು ಕೂತರೆ ಚರ್ಚೆ ಮುಗಿದಂತೆ. ಕೂರುವ ಮೊದಲು ಯಾರಾದರೂ ಒಂದು ಸಣ್ಣ ಪ್ರಶ್ನೆ ಕೇಳಬಹುದು, ಅಷ್ಟೇ ಅವಕಾಶ. ಏಳ್ರಿ, ಏಳ್ರಿ ಎಂದು ನಾನು ಹಲ್ಲು ಕಚ್ಚಿಕೊಂಡೆ.

ಎದ್ದರು! ಪಕ್ಕದ ಮುದುಕರು ಕೋಟಿನ ತುದಿ ಹಿಡಿದು ಜಗ್ಗಿದ್ದು ನನಗೆ ಕಾಣಿಸಿತು.

"ಮೈ ಲಾರ್ಡ್ಸ್, ಮಂತ್ರಿಗಳು ಕೂರುವ ಮೊದಲು ಒಂದು ಮಾತು. ಅಂಥ ಒಂದು ನೋಟು ನನ್ನದೇ. ಹೆಣ್ಣುಮಗಳನ್ನು ಅವಳ ಅತ್ತೆ ನನ್ನ ಸರ್ಜರಿಗೆ ಕರೆತಂದಳು. ಬಿದ್ದಿದ್ದಾಳೆ ಎಂದು ಅತ್ತೆ ಹೇಳಿದಳು, ನಾನು ಬರೆದೆ. ಅವಸರದಲ್ಲಿದ್ದೆ. ಆ ಹೆಣ್ಣುಮಗಳನ್ನು ಒಂದು ಮಾತೂ ಕೇಳಲಿಲ್ಲ."

ಗುಜುಗುಜು ಶುರುವಾಯಿತು. "ಪ್ರಶ್ನೆ, ಪ್ರಶ್ನೆ" ಎಂದು ಯಾರೋ ಕೂಗಿದರು. ಎರಡು ಗಂಟೆಯ ಹಿಂದೆ ಭೂಷಣ ಎಂದವರೇ ಇರಬೇಕು.

"ಪ್ರಶ್ನೆ ಇದು," ಎಂದರು ಯಜಮಾನರು. "ಆ ನೋಟು ಸುಳ್ಳು. ಅದನ್ನು ನಂಬಿ ಮಂಗಳವಾರ ಅವಳನ್ನು ವಿಮಾನ ಹತ್ತಿಸುತ್ತಿದ್ದೀರಿ. ಸುಳ್ಳೆಂದು ಬರೆದವನೇ ಹೇಳಿದರೆ ನಿಲ್ಲಿಸುತ್ತೀರಾ?"

ಒಬ್ಬರೂ ಹಿಯರ್ ಎನ್ನಲಿಲ್ಲ. ಮಂತ್ರಿ ಒಂದು ಗುಟುಕು ನೀರು ಕುಡಿದು, ಈ ಬಗ್ಗೆ ಗೌರವಾನ್ವಿತ ಸದಸ್ಯರಿಗೆ ಪತ್ರ ಬರೆಯುತ್ತೇನೆ ಎಂದು ಕೂತರು.

ನನಗೆ ಕಣ್ಣಲ್ಲಿ ನೀರು ಬಂತು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಅವರಂದದ್ದನ್ನು ನಾಗವ್ವನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ. ಅವಳ ಮುಖ ಅರಳಲಿಲ್ಲ. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

ಕೆಳಗೆ ಲಾಬಿಯ ಕಲ್ಲಿನ ಬೆಂಚಿನ ಮೇಲೆ ಮೆಲಿಷಾ ಫೈಲು ತೆರೆದು ಕಾಯುತ್ತಿದ್ದಳು. "ಅಂಕಲ್, ಒಳಗೆ ಹೇಳಿದ್ದು ನಾಳೆ ಸಭೆಯ ರಿಪೋರ್ಟಲ್ಲಿ ಪ್ರಿಂಟ್ ಆಗ್ತದೆ. ಆದ್ರೆ ನನಗೆ ಸೈನ್ ಮಾಡಿದ ಸ್ಟೇಟ್‌ಮೆಂಟ್ ಬೇಕು, ಈಗಲೇ." ಯಜಮಾನರು ಬರೆಯಲು ಕೂತರು. ಬರೆಯುತ್ತ, ನಮಗೆ ತಿಳಿಯಲಿ ಎಂದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು.

"ಅವಸರದಾಗ ಇದ್ದೆ. ಪೆಟ್ಟು ನನ್ನ ಗಮನಕ್ಕ ಬರಲಿಲ್ಲ. ಆಕೀನ್ನ ನಾ ಏನೂ ಕೇಳಲಿಲ್ಲ."

"ಹಂಗಲ್ಲರಿ ಸಾಹೇಬ್ರ," ಎಂದಳು ನಾಗವ್ವ.

ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ನಾನು ಕೇಳಿಯೇ ಇರಲಿಲ್ಲ.

"ಅತ್ತಿ ಕಾರ್ ನೋಡಾಕ ಕಿಡಕಿ ಕಡೆ ಎದ್ದ ಹೋಗಿದ್ಲು. ನೀವು ನನ್ನ ತೋಳ ಹಿಡದು ಸೆರಗ ಸರಿಸಿ ನೋಡಿದ್ರಿ. ಐದೂ ಬಟ್ಟಿನ ಗುರ್ತ ಇತ್ತು. ಅದನ್ನ ನೋಡಿ, 'ತಾಳ್ಕೋ ತಂಗಿ, ವರ್ಷ ತುಂಬಲಿ' ಅಂದ್ರಿ."

ಯಜಮಾನರ ಪೆನ್ನು ನಿಂತಿತು.

"ಹಂಗ ಅಂದಿದ್ರೇನ್ರೀ?" ಎಂದು ಕೇಳಿದೆ.

"ಅಂದೆ," ಎಂದರು. "ಹೊಡದಾನ ಅಂತ ಬರದ್ರ ಮನಿ ಬಿಡ್ತಾಳ, ವೀಸಾ ಹೋಗ್ತದ. ಇನ್ನ ಐದ ತಿಂಗಳ ತಡದ್ರ ಇಲ್ಲೇ ಉಳೀತಾಳ ಅಂತ... ಆಕೀ ಚಲೋಕ್ಕ ಅಂದೆ ಕೃಷ್ಣಾ."

"ಆಮ್ಯಾಲ ಮೂರ ತಿಂಗಳು ನೀವು ತಿಂದ್ರೇನ್ರಿ ಪೆಟ್ಟು?" ಎಂದಳು ನಾಗವ್ವ. "ಅದನ್ನೂ ಬರೀರಿ."

ಮೆಲಿಷಾ ನಡುವೆ ಬಂದಳು. "ಅಂಕಲ್, ಡಾಕ್ಟರೇ ಬೆರಳಿನ ಗುರ್ತು ನೋಡಿದ್ದಾರೆ ಅಂತಾದ್ರೆ ಇವಳ ಕೇಸ್ ಗೆಲ್ತದೆ. ಆದ್ರೆ ಗೊತ್ತಿದ್ದೂ ಸುಳ್ಳು ಬರೆದ್ರಿ ಅಂತಾಗ್ತದೆ. ನಿಮ್ಮ ಮೇಲೆ ಎನ್‌ಕ್ವೈರಿ ಬರ್ತದೆ, ಡಾಕ್ಟರ್ ಅನ್ನುವ ಹೆಸರೇ ಹೋಗ್ಬಹುದು. ಯೋಚನೆ ಮಾಡಿ."

ಯಜಮಾನರು ನನ್ನ ಮುಖ ನೋಡಿದರು. ಬೇಡ ಅನ್ನಲಿ ಎಂದು ಕಾಯುವ ನೋಟ ಅದು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಆ ನೋಟಕ್ಕೆ ನಾನು ಸೋತಿದ್ದೇನೆ.

"ಬರೀರಿ," ಎಂದೆ.

ಮೊದಲಿನ ಹಾಳೆ ಹರಿದು ಹೊಸದಾಗಿ ಬರೆದರು. ಹದಿನೈದು ನಿಮಿಷ ಹಿಡಿಯಿತು. ನಡುವೆ ಇಬ್ಬರು ಲಾರ್ಡುಗಳು ಪಕ್ಕದಲ್ಲೇ ಹಾದುಹೋದರು, ಮಾತಾಡಿಸಲಿಲ್ಲ.

ಮಂಗಳವಾರ ಬೆಳಿಗ್ಗೆಯಿಂದ ನಾಗವ್ವ ಸೂಟ್‌ಕೇಸಿನ ಪಕ್ಕ ಕೂತಿದ್ದಳು. ಹನ್ನೊಂದು ಗಂಟೆಗೆ ಮೆಲಿಷಾಳ ಫೋನ್ ಬಂತು: ಫ್ಲೈಟ್ ಕ್ಯಾನ್ಸಲ್, ಕೇಸು ಮತ್ತೆ ತೆರೆದಿದ್ದಾರೆ, ತೀರ್ಮಾನವಾಗುವ ತನಕ ಯಾರೂ ಅವಳನ್ನು ಮುಟ್ಟುವಂತಿಲ್ಲ. ಹೇಳುತ್ತಿದ್ದ ಹಾಗೆ ಹುಡುಗಿ ಅಲ್ಲೇ ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತಳು. ನಾನೂ ಪಕ್ಕದಲ್ಲಿ ಕೂತು ತಲೆ ಸವರಿದೆ. ಯಜಮಾನರು ಹೊಸ್ತಿಲ ಆಚೆ ನಿಂತಿದ್ದರು, ಒಳಗೆ ಬರಲಿಲ್ಲ. ನಾನೂ ಬನ್ನಿ ಅನ್ನಲಿಲ್ಲ.