ಒಂದೇ ಮುಖ

“ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ. ಫೋಟೋದಲ್ಲಿ ನೀವೂ ಬರ್ತಿದ್ದೀರಿ,” ಎಂದ ಕೃಷಿ ಇಲಾಖೆಯವನು, ಮೊಬೈಲನ್ನು ಎತ್ತಿ ಹಿಡಿದು.

“ಬರಲಿ ಅಂತಾನೇ ನಿಂತಿರೋದು,” ಎಂದಳು ಅತ್ತಿಗೆ.

ಸೊಂಟದೆತ್ತರ ಬೆಳೆದಿದ್ದ ಸೂರ್ಯಕಾಂತಿಯ ನಡುವೆ, ಅವಳ ಪಕ್ಕದಲ್ಲಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೈದುನ ನಿಂತಿದ್ದ. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಈ ಮಹಾಶಯ ಹೊಲಕ್ಕೆ ಕಾಲಿಡುತ್ತಿದ್ದದ್ದು ವರ್ಷಕ್ಕೊಮ್ಮೆ, ಸರ್ಕಾರದ ಸಹಾಯಧನಕ್ಕೆ ಫೋಟೋ ತೆಗೆಯುವ ದಿನ ಮಾತ್ರ. ಬೆಳೆಗಾರ ತನ್ನ ಬೆಳೆಯ ಮಧ್ಯೆ ಒಬ್ಬನೇ ನಿಲ್ಲಬೇಕು. ಎರಡು ಮುಖ ಕಂಡರೆ ಇಲಾಖೆಯ ಮೊಬೈಲು ಫೋಟೋವನ್ನು ಒಪ್ಪುವುದಿಲ್ಲ.

ಗಂಡ ತೀರಿಕೊಂಡ ಮೇಲೆ ಆ ಹೊಲವನ್ನು ಉತ್ತು, ಬಿತ್ತಿ, ಕಳೆ ಕಿತ್ತು ಬೆನ್ನು ಬಾಗಿಸಿಕೊಂಡವಳು ಅತ್ತಿಗೆ. ಜಮೀನು ಇದ್ದದ್ದು ಮೈದುನನ ಹೆಸರಿನಲ್ಲಿ. ಫೋಟೋ ತೆಗೆಯುವ ತನಕ “ಅರ್ಧ ನಿಮಗೇ” ಎಂದು ಬೆಣ್ಣೆ ಹಚ್ಚುತ್ತಿದ್ದವನು ದುಡ್ಡು ಕೈಸೇರಿದ ಮೇಲೆ ಅವಳ ಫೋನನ್ನೂ ಎತ್ತುತ್ತಿರಲಿಲ್ಲ. ಬೀಜ, ಗೊಬ್ಬರಕ್ಕೆ ಅವಳು ಕಂಡಕಂಡವರ ಮುಂದೆ ಹಲ್ಲು ಗಿಂಜಬೇಕಾಗಿತ್ತು.

“ಇವತ್ತೇ ಕಡೇ ದಿನ ಅತ್ತಿಗೆ. ಹಟ ಮಾಡ್ಬೇಡಿ. ಈ ಸಲ ಅರ್ಧ ಕೊಟ್ಟೇ ಕೊಡ್ತೀನಿ.”

“ಬೆಳೆದೋಳು ನಾನು ಅಂತ ಇವರ ಮುಂದೆ ಒಂದ್ ಮಾತು ಹೇಳಿಬಿಡಪ್ಪ. ನಾನೊಬ್ಬಳೇ ನಿಲ್ತೀನಿ. ನಿನ್ನ ಅರ್ಧ ನಾನೇ ಕಳಿಸ್ತೀನಿ.”

“ಹಾಗೂ ಮಾಡ್ಬಹುದು ಸರ್,” ಎಂದ ಇಲಾಖೆಯವನು. “ಉಳೋರು ಇವರು ಅಂತ ನೀವು ಹೇಳಿದ್ರೆ ಅವರ ಹೆಸರೇ ಹಾಕ್ತೀನಿ.”

“ನೀವು ಸುಮ್ನೆ ಫೋಟೋ ತೆಗೀರಿ! ಇವತ್ತು ಬೆಳೆ ನಂದು ಅಂತಾರೆ, ನಾಳೆ ಹೊಲಾನೂ ನಂದೇ ಅಂತಾರೆ.”

ಮೈದುನ ದುಡುದುಡು ಎಡಕ್ಕೆ ಸರಿದ. ಅತ್ತಿಗೆಯೂ ಸರಿದಳು. ಅವನು ಹಿಂದಕ್ಕೆ ಹೋದರೆ ಹಿಂದಕ್ಕೆ, ಬಲಕ್ಕೆ ಓಡಿದರೆ ಬಲಕ್ಕೆ. ಮೈಯೆಲ್ಲ ಉರಿಯುತ್ತಿತ್ತು ಅವಳಿಗೆ. ಕಾಲ ಕೆಳಗೆ ಏನಿದೆಯೆಂದು ನೋಡಲೂ ಇಲ್ಲ. ಅವನು ಕೂಗಾಡಿದ, ಸತ್ತ ಅಣ್ಣನನ್ನೂ ಬಿಡದೆ ಬೈದ. ಅವಳು ಜಪ್ಪಯ್ಯ ಅನ್ನಲಿಲ್ಲ.

“ನನಗೂ ಮನೆ ಮಠ ಇದೆ,” ಎಂದ ಇಲಾಖೆಯವನು ಕೊನೆಗೆ ಮೊಬೈಲನ್ನು ಜೇಬಿಗೆ ಇಳಿಸುತ್ತ. “ಬೆಳಕು ಹೋಯ್ತು. ಈ ಹೊಲಕ್ಕೆ ಈ ವರ್ಷ ಸಹಾಯಧನ ಇಲ್ಲ, ಅಷ್ಟೆ.”

ಅವನ ಬೈಕು ಮರೆಯಾಯಿತು.

“ಸಮಾಧಾನ ಆಯ್ತಾ?” ಮೈದುನ ಹಲ್ಲು ಕಡಿದ. “ಮುಂದಿನ ವರ್ಷ ಹೊಲ ಬೇರೆಯವರಿಗೆ ಕೊಡ್ತೀನಿ, ನೋಡ್ತಿರಿ.”

“ಕೊಡು. ಅವರ ಬೆಳೇಲೂ ಹೋಗಿ ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತ್ಕೋ.”

ಕಾರಿನ ಬಾಗಿಲು ಧಡಾರನೆ ಬಡಿಯಿತು. ಆ ಸದ್ದು ಕೇಳಿ ಅವಳಿಗೆ ಹೊಟ್ಟೆ ತಣ್ಣಗಾಯಿತು. ಎಷ್ಟೋ ವರ್ಷಗಳ ಮೇಲೆ ಅವನನ್ನು ಬರಿಗೈಯಲ್ಲಿ ಕಳಿಸಿದ್ದಳು. ನಗುವೇ ಬಂತು. ನಗುತ್ತಲೇ ಮನೆಯ ಕಡೆ ತಿರುಗಿದಳು.

ಸುತ್ತ ಒಂದು ಒಕ್ಕಣೆ ಕಣದಷ್ಟು ಜಾಗ ಬಟಾಬಯಲಾಗಿತ್ತು. ನಾಳೆಯೋ ನಾಡಿದ್ದೋ ಅರಳಬೇಕಿದ್ದ ಮೊಗ್ಗುಗಳು ಮಣ್ಣಿಗೆ ಕಚ್ಚಿಕೊಂಡಿದ್ದವು. ಮೆತ್ತನೆಯ ನೆಲದಲ್ಲಿ ಅವನ ಬೂಟಿನ ಗುರುತು ಅಲ್ಲೊಂದು ಇಲ್ಲೊಂದು. ಅವುಗಳ ಮೇಲೆಲ್ಲ ಬರಿಗಾಲಿನ ಗುರುತು.

ಅವಳು ಕುಕ್ಕರುಗಾಲಲ್ಲಿ ಕೂತು ಒಂದು ಗಿಡವನ್ನು ಎತ್ತಿ ನಿಲ್ಲಿಸಿದಳು. ಬುಡಕ್ಕೆ ಮಣ್ಣು ಕೊಟ್ಟು ತಟ್ಟಿದಳು. ಕೈ ಬಿಟ್ಟರೆ ಅದು ವಾಲಿತು. ಮತ್ತೆ ಎತ್ತಿ ಹಿಡಿದಳು. ಈ ಸಲ ಕೈ ಬಿಡಲಿಲ್ಲ.