ಒಂದು ಅಕ್ಷರ, ಒಂದು ಚುಕ್ಕೆ

‘ಹಾರ್ದಿಕ ಅಭಿನಂದನೆಗಳು’ ಎಂಬುದನ್ನು ಅಳಿಸಿ ಆ ಜಾಗದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಟೈಪ್ ಮಾಡುವಷ್ಟರಲ್ಲಿ ಕರಬಸಪ್ಪನ ಬೆರಳು ಎರಡು ಸಲ ತಪ್ಪಿತು. ಉಳಿದದ್ದೆಲ್ಲ ಹಾಗೇ ಇತ್ತು. ಎಡಕ್ಕೆ ಹೆಂಡತಿಯ ಫೋಟೋ, ಬಲಕ್ಕೆ ಎರಡು ಗುಲಾಬಿ, ನಡುವೆ ಹಳದಿ ಅಂಚಿನ ದಪ್ಪ ಅಕ್ಷರದಲ್ಲಿ ‘ಡಾ. ಶೈಲಶ್ರೀ’. ಅವಳು ಪಿಎಚ್‌ಡಿ ಪ್ರಬಂಧ ಸಲ್ಲಿಸಿದ ದಿನವೇ ಈ ವಿನ್ಯಾಸ ಮಾಡಿ, ಅವಳ ಕಣ್ಣಿಗೆ ಬೀಳದಿರಲೆಂದು ‘ಕರೆಂಟ್ ಬಿಲ್’ ಎಂಬ ಹೆಸರಿನ ಫೋಲ್ಡರಿನಲ್ಲಿ ಬಚ್ಚಿಟ್ಟಿದ್ದ. ಅದಾಗಿ ಎರಡೂವರೆ ವರ್ಷ.

ಕರ್ಸರ್ ‘ಡಾ.’ ಪಕ್ಕದಲ್ಲಿ ಮಿಣುಕುತ್ತಿತ್ತು.

“ಅಣ್ಣಾ, ಗುಲಾಬಿ ತಗದು ದೀಪ ಹಾಕೋಣೇನು?” ಮೆಷಿನ್ನಿನ ಹತ್ತಿರದಿಂದ ಫಿರೋಜ್ ಕೇಳಿದ. ರಾಣೇಬೆನ್ನೂರಿನ ಈ ಫ್ಲೆಕ್ಸ್ ಅಂಗಡಿ ಶುರುವಾದಾಗಿನಿಂದ ಮೆಷಿನ್ ನಡೆಸುವವನು ಅವನೇ.

“ಬ್ಯಾಡ. ಆಕಿಗೆ ದೀಪ ಸೇರ್ತಿರಲಿಲ್ಲ. ಊರಾಗ ಸತ್ತಾರಿಗೆಲ್ಲಾ ಅದ ಒಂದು ದೀಪ ಹಚ್ತೀರಲ್ರಿ ಅಂತಿದ್ಲು.”

“ಮತ್ತ ಈ ‘ಡಾ.’? ವೈವಾ ಆಗಿರಲಿಲ್ಲಲ್ಲ.”

ಪ್ರಬಂಧ ಒಪ್ಪಿಗೆಯಾದ ಮೇಲೆ ಪರೀಕ್ಷಕರ ಎದುರು ಕೂತು ಉತ್ತರಿಸುವ ಆ ಒಂದು ತಾಸು, ಅದಷ್ಟೇ ಬಾಕಿ ಇತ್ತು. ಹಾವೇರಿಯ ಅವಳ ಕಾಲೇಜಿನಲ್ಲಿ ಯಾರಿಗೆ ಪಿಎಚ್‌ಡಿ ಬಂದರೂ, ಯಾರಿಗೆ ಪ್ರಶಸ್ತಿ ಬಂದರೂ, ಯಾರು ವಿಮಾನ ಹತ್ತಿ ಇಳಿದರೂ ಅಭಿನಂದನೆಯ ಫ್ಲೆಕ್ಸ್ ಇದೇ ಮೆಷಿನ್ನಿನಿಂದ ಹೊರಬರುತ್ತಿತ್ತು. ಎಲ್ಲಿಂದಲೋ ಗೌರವ ಡಾಕ್ಟರೇಟ್ ಹಿಡಿದುಕೊಂಡು ಬಂದ ಗೊಬ್ಬರದಂಗಡಿಯವನಿಗೂ ಕರಬಸಪ್ಪನೇ ‘ಡಾ.’ ಹಚ್ಚಿ ಕಳಿಸಿದ್ದ. ಅದೇ ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿ ಸಮಾಜಶಾಸ್ತ್ರ ಕಲಿಸಿದವಳು ಅತಿಥಿಯಾಗಿಯೇ ಹೋಗಿದ್ದಳು.

“ಪ್ರಿಂಟ್ ಕೊಡು,” ಎಂದ.

*

ಶೈಲಶ್ರೀಯನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಮಾಲೆ. ನಿನ್ನೆ ಸಂಜೆ ಹಾವೇರಿಯಿಂದ ಬರುವ ಬಸ್ಸಿನಲ್ಲಿ, ಮೋಟೆಬೆನ್ನೂರು ದಾಟಿದ ಮೇಲೆ, ತೊಡೆಯ ಮೇಲೆ ಹುಡುಗರ ಉತ್ತರಪತ್ರಿಕೆಗಳನ್ನು ಇಟ್ಟುಕೊಂಡೇ ಪಕ್ಕದವಳ ಭುಜಕ್ಕೆ ಒರಗಿದ್ದಳಂತೆ. ದಣಿದಿದ್ದಾಳೆ, ಮಲಗಲಿ ಎಂದು ಆ ಹೆಂಗಸು ರಾಣೇಬೆನ್ನೂರು ಬರುವ ತನಕ ಭುಜ ಅಲುಗಿಸಿರಲಿಲ್ಲ. ಶೈಲಶ್ರೀಗೆ ನಲವತ್ತೇಳು ವರ್ಷ.

ಫಿರೋಜ್ ಫ್ಲೆಕ್ಸನ್ನು ಬಾಗಿಲಲ್ಲಿ ನಿಂತಿದ್ದ ಟೆಂಪೋದ ಮುಂಭಾಗಕ್ಕೆ ಬಿಗಿದ. ಮಗಳು ಶ್ವೇತಾ ಒಳಗಿನಿಂದ ಬಂದು, ಮೂಗು ಒರೆಸಿಕೊಂಡು, ಫೋನಿನಲ್ಲಿ ಅದರ ಫೋಟೋ ಹೊಡೆದಳು.

“ಸ್ಟೇಟಸ್ ಇಟ್ಟೇನಪ್ಪಾ. ‘ಡಾ.’ ಚಂದ ಕಾಣಾಕತ್ತೈತಿ.”

ಜಗುಲಿಯಲ್ಲಿ ಕುಳಿತಿದ್ದ ನೆರೆಯ ಇಬ್ಬರು ಕತ್ತು ಚಾಚಿ ಓದಿದರು.

“ಶೈಲಶ್ರೀ ಬಾಯಾರು ಡಾಕ್ಟರ್ ಆಗಿದ್ರೇನು? ನಮಗ ಒಂದು ಪೇಢೆನೂ ಕೊಡಲಿಲ್ಲಲ್ಲ.”

“ಆಗಿರಬೇಕಪ. ಬೋರ್ಡಿನ್ಯಾಗ ಐತಲ್ಲ.”

“ಬೋರ್ಡ್ ಮಾಡಿದಾವ ಅವರ ಗಂಡ.”

“ಸುಮ್ನ ಕುಂದ್ರೋ. ಇಂಥಾ ಹೊತ್ತಿನ್ಯಾಗ.”

ಕರಬಸಪ್ಪನ ಅಕ್ಕ ಪ್ರೇಮವ್ವ ಹೊಸ್ತಿಲಿಗೆ ಬಂದು, “ಮೂರರೊಳಗ ಎತ್ತಬೇಕ್ರೆಪಾ. ಹಲಗೇರಿ ಹೊಲಕ್ಕ ಹೋಗಿ ಮುಟ್ಟಬೇಕು. ಅಯ್ಯನೋರು ಲಗೂ ಮಾಡ್ರಿ ಅಂತಾರ,” ಎಂದಳು. ಹೇಳಿ ಮುಗಿಸುವುದರೊಳಗೆ ಓಣಿಯ ತುದಿಯಲ್ಲಿ ಒಂದು ಸಾಮಾನಿನ ಆಟೋ ನಿಂತಿತು. ಹಿಂದಿನಿಂದ ಏಳೆಂಟು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಅವರೊಂದಿಗೆ ಒಣಮೆಣಸಿನಕಾಯಿಯ ಘಾಟೂ ಇಳಿಯಿತು. ಜಗುಲಿಯ ಮೇಲಿದ್ದ ಒಬ್ಬ ಸೀನಿದ.

ಎಲ್ಲರಿಗಿಂತ ಮುಂದಿದ್ದ ಬಿಸ್ಮಿಲ್ಲಾಬಿ ಪಡಸಾಲೆಗೆ ಬಂದವಳೇ ಶೈಲಶ್ರೀಯ ಎದುರು ಕುಕ್ಕರಿಸಿದಳು. “ಡಾಕ್ಟರ್ ಅಕ್ಕಾ,” ಎಂದಳು. “ಬರೂ ಸೋಮಾರ ಬರ್ತೇನಂದಾಕಿ ಹಿಂಗ ಗ್ವಾಡಿಗೆ ಕುಂತೀಯಲ್ಲ.”

“ಕೇಳಿದ್ಯಾ?” ಎಂದ ಜಗುಲಿಯವನು. “ಅವರೂ ಡಾಕ್ಟರ್ ಅಂತಾರ.”

*

ಏಳು ವರ್ಷದ ಹಿಂದೆ ಬ್ಯಾಡಗಿಯ ಒಂದು ತಗಡಿನ ಶೆಡ್ಡಿನಲ್ಲಿ, ಕೆಂಪು ರಾಶಿಗಳ ನಡುವೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರಿಗೆ ಶೈಲಶ್ರೀ ತನ್ನ ಪರಿಚಯ ಹೇಳಿಕೊಂಡಿದ್ದಳು. “ನಿಮ್ಮ ಕೆಲಸದ ಮ್ಯಾಲೆ ಡಾಕ್ಟರೇಟ್ ಮಾಡಾಕತ್ತೇನ್ರಿ.”

ಬಿಸ್ಮಿಲ್ಲಾಬಿ ಎರಡೂ ಅಂಗೈ ಮುಂದೆ ಹಿಡಿದಿದ್ದಳು. “ನೋಡ್ರಿ ಹಂಗಾರ. ಉರಿಗೆ ರಾತ್ರಿ ನಿದ್ದಿ ಇಲ್ಲ. ಕೂಸಿನ ಮಾರಿ ಮುಟ್ಟಾಕ ಬರಂಗಿಲ್ಲ.”

“ನಾ ಆ ಡಾಕ್ಟರ್ ಅಲ್ರಿ.”

“ಮತ್ತ ಯಾ ಡಾಕ್ಟರ್?”

ಮುಂದಿನ ವಾರ ಶೈಲಶ್ರೀ ಪ್ರಶ್ನಾವಳಿಯ ಜೊತೆ ಮುಲಾಮು, ಒಂದು ಕಟ್ಟು ಬಟ್ಟೆಯ ಕೈಗವಸುಗಳನ್ನು ತಂದಳು. ಮುಲಾಮು ಖರ್ಚಾಯಿತು. ಕೈಗವಸು ಹಾಕಿಕೊಂಡರೆ ತೊಟ್ಟು ಬೆರಳಿಗೆ ಸಿಗುವುದಿಲ್ಲವೆಂದು ಅವರು ಅವನ್ನು ಮಕ್ಕಳಿಗೆ ಚಳಿಗಾಲಕ್ಕೆ ಕೊಟ್ಟರು. ಇದನ್ನೂ ಅವಳು ಪ್ರಬಂಧದಲ್ಲಿ ಬರೆದಳು. ಆಮೇಲೆ ಗಂಡನ ಅಂಗಡಿಯ ಹಳೆ ಫ್ಲೆಕ್ಸ್‌ಗಳನ್ನು ಸುತ್ತಿ ತಂದುಕೊಡತೊಡಗಿದಳು, ಕೆಳಗೆ ಹಾಸಿಕೊಂಡು ಕೂರುವುದಕ್ಕೆ.

“ಈ ಕನ್ನಡಕದಾವ ಯಾರಕ್ಕ?” ಕೂರುವ ಮೊದಲು ಬಿಸ್ಮಿಲ್ಲಾಬಿ ಕೇಳುತ್ತಿದ್ದಳು.

“ಡಾಕ್ಟರ್.”

“ಈ ಸೂಟಿನಾವ?”

“ಅವನೂ ಡಾಕ್ಟರ್.”

“ಇಷ್ಟು ಮಂದಿ ಡಾಕ್ಟರ್ ಅದಾರ, ಮುಲಾಮು ತಂದಾಕಿ ನೀ ಒಬ್ಬಾಕಿ.” ಎಂದವಳೇ ಸೂಟಿನವನ ಮೇಲೆ ಕುಳಿತು ಮಡಿಲಿಗೆ ಕಾಯಿ ಸುರಿದುಕೊಳ್ಳುತ್ತಿದ್ದಳು.

*

ಪ್ರೊಫೆಸರ್ ವಿಜಯಮಹಾಂತೇಶ ಕಾರಿನಿಂದ ಇಳಿದಾಗ ಎರಡೂಕಾಲು. ಶೈಲಶ್ರೀಯ ಪಿಎಚ್‌ಡಿಗೆ ಮಾರ್ಗದರ್ಶಕರು ಅವರೇ. ಮಾಲೆ ಹಾಕಿ, ಕಣ್ಣು ಮುಚ್ಚಿ ನಿಂತು, ಪ್ರೇಮವ್ವನಿಗೆ ಕೈ ಮುಗಿದು ಹೊರಬಂದವರು ಕರಬಸಪ್ಪನ ಹೆಗಲ ಮೇಲೆ ಕೈಯಿಟ್ಟು ಟೆಂಪೋದ ಮಗ್ಗುಲಿಗೆ ಕರೆದುಕೊಂಡು ಹೋದರು.

“ಇಪ್ಪತ್ತನಾಲ್ಕಕ್ಕ ವೈವಾ ಮಾಡಿಬಿಡೋಣಂತ ಇದ್ದೆ.”

“ಹೌದ್ರಿ?”

“ಖರೇನ. ಪರೀಕ್ಷಕರ ಜೋಡಿನೂ ಮಾತಾಡಿದ್ದೆ.”

ಕರಬಸಪ್ಪ ತಲೆಯಾಡಿಸಿದ. ಇದಕ್ಕೂ ಮೊದಲು ಮೂರು ತಾರೀಖು ಆಗಿ ಹೋಗಿದ್ದವು. ಒಂದು ಪ್ರೊಫೆಸರರ ಬ್ಯಾಂಕಾಕ್ ಸಮ್ಮೇಳನಕ್ಕೆ ಹೋಯಿತು, ಇನ್ನೊಂದು ಅವರ ಉತ್ತಮ ಶಿಕ್ಷಕ ಪ್ರಶಸ್ತಿಯ ಸಮಾರಂಭಕ್ಕೆ, ಮತ್ತೊಂದು ಕಾಲೇಜಿಗೆ ಬಂದ ತಪಾಸಣಾ ಸಮಿತಿಗೆ. ಮೂರಕ್ಕೂ ಫ್ಲೆಕ್ಸ್ ಕರಬಸಪ್ಪನ ಅಂಗಡಿಯಲ್ಲೇ ಆಗಿತ್ತು.

“ಒಂದು ಮಾತು, ತಪ್ಪು ತಿಳ್ಕೋಬ್ಯಾಡ. ಮಗಳ ಸ್ಟೇಟಸ್ ನೋಡಿದೆ.” ಪ್ರೊಫೆಸರರು ದನಿ ತಗ್ಗಿಸಿದರು. “ಆ ‘ಡಾ.’ ಒಂದು ತಗಸು. ವೈವಾ ಆಗದ ಹಾಕಾಕ ಬರಂಗಿಲ್ಲ. ನಾಳೆ ಯಾವನೋ ಫೋಟೋ ಹೊಡದು ಮ್ಯಾಲೆ ಕಳಸಿದ್ರ ವಿವರಣೆ ಕೇಳೋದು ನನ್ನ.”

*

ಕಳೆದ ತಿಂಗಳು, ಸಮಿತಿ ಬರುವ ಮುಂಚೆ, ಕಾಲೇಜಿನಿಂದ ಹನ್ನೆರಡಡಿಯ ಬೋರ್ಡಿನಲ್ಲಿ ಅಚ್ಚಾಗಬೇಕಾದ ಮಜಕೂರು ಬಂದಿತ್ತು. ‘ನಮ್ಮ ಅಧ್ಯಾಪಕರ ಇತ್ತೀಚಿನ ಸಾಧನೆಗಳು.’ ಅಂಗಡಿಯ ಪ್ರತಿಯೊಂದು ಪ್ರೂಫೂ ಶೈಲಶ್ರೀಯ ಕೆಂಪು ಪೆನ್ನಿನ ಕೆಳಗೆ ಹಾದುಹೋಗಬೇಕಿತ್ತು. ಅವಳು ಚಪಾತಿ ಲಟ್ಟಿಸುವ ಮಣೆಯ ಪಕ್ಕದಲ್ಲೇ ಹಾಳೆ ಹರಡಿಕೊಂಡಿದ್ದಳು.

“ಈ ಪೇಪರ್ ನೋಡ್ರಿ. ‘ಮೆಣಸಿನಕಾಯಿ ಕಾರ್ಮಿಕ ಮಹಿಳೆಯರು, ಅಂತರರಾಷ್ಟ್ರೀಯ ನಿಯತಕಾಲಿಕ.’ ಇದು ನಂದು.”

“ನಿನ್ನ ಹೆಸರೆಲ್ಲೈತಿ?”

“ಪೇಪರಿನ್ಯಾಗ ಸರ್ ಹೆಸರಾದ ಮ್ಯಾಲೆ ಎರಡನೇದ್ದು ಐತಿ. ಬೋರ್ಡಿನ್ಯಾಗ ಒಂದನೇದ್ದು ಅಷ್ಟ ಹಿಡಸ್ತೈತಂತ.” ಅವಳು ನಕ್ಕಳು. “ಕಾಯಂ ಇದ್ದೋರ ಸಾಧನೆ ಅಷ್ಟ ಹಾಕೋದಂತ್ರಿ. ಅತಿಥಿಗಳದ್ದು ಸಾಧನೆ ಅಲ್ಲಂತ, ಸೇವಾ ಅಂತ.”

ಪೆನ್ನು ಕೆಳಗಿಳಿಯಿತು. ನಿಂತಿತು. ‘ಪ್ರೊ. ವಿಜಯಮಹಾಂತೇಶ. ಇವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಪಡೆದವರು: 8.’ ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರುಗಳು. ಎಂಟನೆಯದು ‘ಡಾ. ಶೈಲಶ್ರೀ’.

ಅವಳು ಎಂಟನ್ನು ಏಳು ಮಾಡಿ, ತನ್ನ ಹೆಸರಿನ ಮೇಲೆ ಗೆರೆ ಎಳೆದಳು.

ಮರುದಿನ ಪ್ರೊಫೆಸರರು ಅಂಗಡಿಗೆ ಫೋನ್ ಮಾಡಿ, “ಎಂಟು ಅಂತನ ಇರಲಪ. ಸಮಿತಿ ಬರೋದ್ರೊಳಗ ಆಗೇಬಿಡ್ತೈತಿ,” ಎಂದರು. ಕರಬಸಪ್ಪ ಹೂಂ ಎಂದ. ಹೆಂಡತಿಗೆ ಹೇಳಲಿಲ್ಲ. ಮೆಷಿನ್ನಿನಿಂದ ಬೋರ್ಡು ಇಷ್ಟಿಷ್ಟೇ ಇಳಿದು ಬರುವಾಗ ಅವನು ಎಂಟನೆಯ ಹೆಸರಿಗಾಗಿ ಕಾದು ನಿಂತಿದ್ದ. ಬಣ್ಣ ಹಸಿಯಿದ್ದಾಗಲೇ ಅದನ್ನು ಒಮ್ಮೆ ಮುಟ್ಟಿದ.

ಕಾಲೇಜಿನ ಬಾಗಿಲಲ್ಲಿ ಬೋರ್ಡು ನೋಡಿ ಬಂದ ಸಂಜೆ ಶೈಲಶ್ರೀ ಚಪ್ಪಲಿ ಬಿಡದೆ ಅಂಗಡಿಯೊಳಗೆ ಬಂದಿದ್ದಳು.

“ಸರ್‌ಗೆ ಲೆಕ್ಕ ಬೇಕಿತ್ತು, ಹಾಕಿಸಿದ್ರು. ನಿಮಗೇನು ಬೇಕಿತ್ತು?”

“ಒಮ್ಮೆ ನೋಡೋಣಂತ...”

“ನಾನೂ ನೋಡೋಣಂತ ಏಳು ವರ್ಷ ಆತು ಕಾಯಾಕತ್ತು. ಆ ಹೆಣ್ಮಕ್ಕಳು ಡಾಕ್ಟರ್ ಅಂದ್ರ ನನಗ ಬೇಜಾರಿಲ್ಲ, ಅವರಿಗೆ ಗೊತ್ತಿಲ್ಲ. ನಿಮಗ ಗೊತ್ತಿತ್ತು.” ಬಾಗಿಲ ತನಕ ಹೋಗಿ ತಿರುಗಿದ್ದಳು. “ವೈವಾ ಮುಗಿದ ದಿನ ನಾನ ಬಂದು ಹೇಳ್ತೇನಿ. ಅವತ್ತು ಹಾಕ್ರಿ. ಅಲ್ಲಿ ಮಟಾ ನನ್ನ ಹೆಸರಿನ ಮುಂದ ಒಂದು ಚುಕ್ಕಿನೂ ಬ್ಯಾಡ.”



*

“ನಿಮ್ಮ ಬೋರ್ಡಿನ್ಯಾಗ ಆಕಿ ಡಾಕ್ಟರ್ ಆಗ್ಯಾಳಲ್ರಿ,” ಎಂದ ಕರಬಸಪ್ಪ. “ಎಂಟನೇದಾಕಿ.”

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. “ಅದು ಬ್ಯಾರೆ. ಅದು ಒಳಗಿಂದು. ಸಮಿತಿ ನೋಡಿ ಹೋತು, ಇಳಿಸಿದ್ವಿ.”

“ಎಲ್ಲೈತ್ರಿ ಈಗ ಅದು?”

“ಸೈಕಲ್ ಸ್ಟ್ಯಾಂಡಿಗೆ ಹೊಚ್ಚ್ಯಾರ. ಮಳಿ ಸೋರತಿತ್ತು.”

“ಸೋರೂದು ನಿಂತೈತ್ರಿ?”

ಪ್ರೊಫೆಸರರು ಅವನ ಮುಖ ನೋಡಿದರು. ಕನ್ನಡಕ ಮತ್ತೆ ಏರಿಸಿಕೊಂಡರು. ಒಳಗೆ ಅಯ್ಯನವರು ಶಂಖ ಊದಿದರು. ಎತ್ತುವ ಹೊತ್ತು ಆಗಿತ್ತು.

ಕರಬಸಪ್ಪ ಫ್ಲೆಕ್ಸಿನ ಎದುರು ಹೋಗಿ ನಿಂತ. ಅವಳು ಬಂದು ಹೇಳಬೇಕಿತ್ತು. ಫೋಟೋದೊಳಗಿನ ಶೈಲಶ್ರೀ ಪ್ರೂಫ್ ಓದುವವಳ ಹಾಗೆ, ಒಂದು ಹುಬ್ಬು ತುಸು ಮೇಲೆತ್ತಿ, ಅವನನ್ನೇ ನೋಡುತ್ತಿದ್ದಳು.

“ಫಿರೋಜ್, ಕಟರ್ ಕೊಡು.”

“ಬಿಳಿ ಸ್ಟಿಕರ್ ಐತಣ್ಣಾ. ಮ್ಯಾಲೆ ಹಚ್ಚಿಬಿಡೋಣ, ಗೊತ್ತಾಗಂಗಿಲ್ಲ.”

“ಕಟರ್ ಕೊಡು.”

ಶ್ವೇತಾ ಓಡಿಬಂದು ಅವನ ಮೊಣಕೈ ಹಿಡಿದಳು. “ಬ್ಯಾಡಪ್ಪಾ. ಏಳು ವರ್ಷ ಓಡ್ಯಾಡಿಸಿದೋರು ಹೇಳಿದ್ರಂತ ತಗೀತೀಯೇನು?”

“ಅವರು ಹೇಳಿದ್ದಕ್ಕಲ್ಲವಾ.”

“ಮತ್ತ?”

“ನಿಮ್ಮವ್ವ ಇನ್ನೂ ಹೂಂ ಅಂದಿರಲಿಲ್ಲ.”

ಅವಳ ಹಿಡಿತ ಸಡಿಲವಾಯಿತು. ಕರಬಸಪ್ಪ ‘ಡಾ.’ ಸುತ್ತ ನಾಲ್ಕು ಗೆರೆ ಎಳೆದ. ಅಂಗೈಯಗಲದ ಚೌಕ ಕೈಗೆ ಬಂತು. ಅದನ್ನು ಅಂಗಿಯ ಜೇಬಿಗಿಟ್ಟುಕೊಂಡ. ತೂತಿನಲ್ಲಿ ಟೆಂಪೋದ ತುಕ್ಕು ಹಿಡಿದ ಜಾಲರಿ ಕಂಡಿತು.

“ಛಲೋ ಆತು,” ಎಂದರು ಪ್ರೊಫೆಸರರು. ಶ್ವೇತಾಳ ಕಡೆ ತಿರುಗಿ, “ಸ್ಟೇಟಸ್ಸೂ ತಗದುಬಿಡವಾ,” ಎಂದರು.

“ಇಪ್ಪತ್ನಾಲ್ಕು ತಾಸಿಗೆ ತಾನ ಹೋಗ್ತೈತ್ರಿ ಸರ್,” ಎಂದಳು ಶ್ವೇತಾ. “ನೀವೇನು ಗಡಿಬಿಡಿ ಮಾಡ್ಕೋಬ್ಯಾಡ್ರಿ. ತಾರೀಖು ಮುಂದ ಹಾಕಾಕ ನಿಮಗ ಗೊತ್ತೈತಲ್ಲ.”

ಪ್ರೇಮವ್ವ ಅವಳ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡಳು.

*

ಹಲಗೇರಿಯ ಹೊಲದಲ್ಲಿ ಕುಣಿ ತಯಾರಿತ್ತು. ಪ್ರೊಫೆಸರರ ಕಾರು ರಾಣೇಬೆನ್ನೂರಿನಿಂದಲೇ ಹಾವೇರಿಗೆ ಮರಳಿತ್ತು. ಸಂಜೆ ಅವರಿಗೊಂದು ಸನ್ಮಾನವಿತ್ತಂತೆ. ಬ್ಯಾಡಗಿಯ ಹೆಂಗಸರು ಮಾತ್ರ ಆಟೋ ಬಿಡದೆ ಟೆಂಪೋದ ಹಿಂದೆಯೇ ಬಂದಿದ್ದರು. ಬಿಸ್ಮಿಲ್ಲಾಬಿ ಫ್ಲೆಕ್ಸಿನ ತೂತಿನೊಳಗೆ ಬೆರಳು ಹಾಕಿ ನೋಡಿದಳು.

“ಇಲ್ಲೇನಿತ್ರಿ? ಹರದೈತೇನು?”

“ನೀವು ಕರೀತಿದ್ರಲ್ಲ, ಅದು,” ಎಂದ ಕರಬಸಪ್ಪ.

ಅವಳಿಗೆ ಏನು ತಿಳಿಯಿತೋ, ಸೆರಗಿನಿಂದ ತೂತಿನ ಅಂಚಿನ ಧೂಳು ಒರೆಸಿದಳು.

ಶೈಲಶ್ರೀಯನ್ನು ಕುಣಿಯಲ್ಲಿ ಕೂರಿಸಿ, ವಿಭೂತಿಯ ಗಟ್ಟಿಗಳನ್ನಿಟ್ಟು, ಒಬ್ಬೊಬ್ಬರಾಗಿ ಪತ್ರಿ ಹಾಕಿದರು. ಕರಬಸಪ್ಪನ ಸರದಿ ಬಂತು. ಅವನು ಪತ್ರಿಯ ಜೊತೆ ಜೇಬಿನ ಚೌಕವನ್ನೂ ತೆಗೆದು, ಬಾಗಿ, ಅವಳ ಮಡಿಲಲ್ಲಿಟ್ಟ. ಅಕ್ಷರ ಮೇಲೆ ಮಾಡಿ ಇಟ್ಟ.

ಅಯ್ಯನವರು ಹುಬ್ಬು ಗಂಟಿಕ್ಕಿದರು. “ಏನದು?”

“ಆಕೀದರಿ.”

“ಪ್ಲಾಸ್ಟಿಕ್ ಐತಲ್ಲಪಾ. ಅದು ಮಣ್ಣಾಗಂಗಿಲ್ಲ.”

“ಗೊತ್ತೈತ್ರಿ,” ಎಂದ ಕರಬಸಪ್ಪ. “ನಮ್ಮ ಅಂಗಡಿದ.”

ಅಯ್ಯನವರು ಮುಂದಿನ ಮಂತ್ರಕ್ಕೆ ಹೋದರು. ಬಿಸ್ಮಿಲ್ಲಾಬಿ ಉರಿಯುವ ಅಂಗೈ ತುಂಬ ಮಣ್ಣು ತೆಗೆದುಕೊಂಡು ಮೆಲ್ಲಗೆ ಬಿಟ್ಟಳು. ಕಪ್ಪು ಎರೆಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಮೊದಲು ಅಕ್ಷರ ಮುಚ್ಚಿತು. ಹಳದಿ ಅಂಚಿನ ಚುಕ್ಕೆ ಮಾತ್ರ ಇನ್ನೂ ಕಾಣುತ್ತಿತ್ತು. ಸಲಿಕೆ ಎತ್ತಿದ ಫಿರೋಜ್ ಕರಬಸಪ್ಪನ ಮುಖ ನೋಡುತ್ತ ಮಣ್ಣು ಸುರಿಯದೆ ಹಾಗೇ ನಿಂತ.