ಇಬ್ಬರಲ್ಲಿ ಯಾರು

ದೇವರು ಮನುಷ್ಯರನ್ನು ಆರಿಸಿಕೊಳ್ಳುವುದು ಹೇಗೆ ಎಂದು ಪಾದ್ರಿಗೂ ಗಣಿತದ ಮೇಷ್ಟ್ರಿಗೂ ವಾದ ಹತ್ತಿದಾಗ, ಸಭೆಯ ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ತಂಗಿ ಕೂತಿದ್ದಳು. ಹೊಲಿಗೆ ಅಂಗಡಿಯವಳು, ತುಂಬು ಬಸುರಿ. ಹೊಟ್ಟೆಯಲ್ಲಿ ಅವಳಿ.

ಅಂದು ಬೈಬಲಿನಿಂದ ಓದಿದ ಪಾಠವೂ ಅವಳಿ ಗಂಡುಮಕ್ಕಳದೇ. ಹುಟ್ಟುವ ಮೊದಲೇ, ಒಳ್ಳೆಯದು ಕೆಟ್ಟದ್ದು ಏನೂ ಮಾಡುವ ಮೊದಲೇ, ದೇವರು ಒಬ್ಬನಿಗೆ ಒಲಿದು ಇನ್ನೊಬ್ಬನನ್ನು ಬಿಟ್ಟನೆಂದು ಪಾದ್ರಿ ವಿವರಿಸಿದರು.

“ತಪ್ಪೇ ಮಾಡದವನನ್ನ ಕೈಬಿಡೋದು ಯಾವ ನ್ಯಾಯ, ಅಯ್ಯನವರೇ?” ಎಂದರು ಮೇಷ್ಟ್ರು.

“ಮೊಳ ಹಾಕಿ ಆಕಾಶ ಅಳೆಯೋಕಾಗುತ್ತಾ? ನಮ್ಮ ಬುದ್ಧಿಯೂ ಅಷ್ಟೇ.”

“ಆ ಮೊಳ ಕೊಟ್ಟವನೂ ಅವನೇ ತಾನೇ?”

ಜನ ನಕ್ಕರು. ಅವಳು ನಗಲಿಲ್ಲ. ಎಡಬದಿಯ ಮಗು ಒದೆಯುತ್ತಿತ್ತು, ಬಲಬದಿಯದು ಸುಮ್ಮನಿತ್ತು.

ಅಲ್ಲಿಂದ ಮುಂದೆ ಅವಳಿಗೆ ಅನ್ನ ಸೇರಲಿಲ್ಲ. ಮಷಿನ್ ತುಳಿಯುತ್ತಲೇ ಬಲಬದಿಗೆ ಕೈಯಿಡುವಳು. ಅಲುಗಾಟ ಸಿಗದಿದ್ದರೆ ಮಷಿನ್ ನಿಲ್ಲಿಸಿ ಕಾಯುವಳು. ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡತೋಳುಗಳನ್ನೇ ಹಚ್ಚಿಬಿಟ್ಟಳು.

ವಿಷಯ ತಿಳಿದ ಅತ್ತೆ ಗೊಣಗಿದರು: “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತಂತೆ. ಇಲ್ಲಿ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಆ ಇಬ್ಬರ ಮಾತು ತಲೆಗೆ ಹಚ್ಕೋಬೇಡ, ಮಗಳೇ.”

ಹೆರಿಗೆ ಬೇಗನೇ ಆಯಿತು. ಎರಡೂ ಹೆಣ್ಣು. ಮೊದಲನೆಯದು ಬಾಯಿ ತುಂಬ ಅತ್ತಿತು. ಎರಡನೆಯದು ಹಿಡಿಯಷ್ಟಿತ್ತು, ಉಸಿರು ಸಾಲದೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ದೇವರು ಕೈಬಿಟ್ಟದ್ದು ಇವಳನ್ನೇ ಎಂದುಕೊಂಡಳು ತಾಯಿ. ಯಾರಿಗೂ ಹೇಳಲಿಲ್ಲ.

ಮರುದಿನ ಅಣ್ಣನೂ ಪಾದ್ರಿಯೂ ಒಟ್ಟಿಗೇ ಬಂದರು. ಪಾದ್ರಿ ಪ್ರಾರ್ಥನೆಗೆಂದು ಕಣ್ಣು ಮುಚ್ಚುವಷ್ಟರಲ್ಲಿ ಅವಳು ಕೇಳಿದಳು:

“ಇಬ್ಬರಲ್ಲಿ ಯಾರು, ಅಯ್ಯನವರೇ?”

ಕೇಳಿದ್ದು ಅರ್ಥವಾಗಿ ಅವರು ಜೋಡಿಸಿದ ಕೈ ಬಿಡಿಸಿದರು.

“ನನಗೆ ಗೊತ್ತಿಲ್ಲಮ್ಮ.”

“ಅವತ್ತು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ?”

“ನನ್ನ ಯೋಗ್ಯತೆ ನೋಡದೆ ದೇವರು ನನ್ನನ್ನ ಕರೆದ ಅನ್ನೋದು ನನಗೆ ದೊಡ್ಡ ಧೈರ್ಯ. ಅದನ್ನೇ ಹೇಳೋಕೆ ಹೋದೆ. ಹಿಂದಿನ ಬೆಂಚಲ್ಲಿ ಕೂತಿದ್ದ ನಿನ್ನ ನೋಡ್ಲಿಲ್ಲ.”

ಅಣ್ಣ ಕಿಟಕಿಯ ಕಡೆ ತಿರುಗಿದ್ದ. “ನಾನೂ ನೋಡ್ಲಿಲ್ಲ. ಗೆಲ್ಲೋ ಆತುರದಲ್ಲಿದ್ದೆ,” ಎಂದ.

ಅವರು ಹೋದ ಮೇಲೆ ಅವಳು ಗೋಡೆ ಹಿಡಿದು ಪೆಟ್ಟಿಗೆಯವರೆಗೂ ನಡೆದಳು. “ನಿನ್ನ ಲೆಕ್ಕ ನನಗೆ ತಿಳಿಯೋದಿಲ್ಲ ಸ್ವಾಮಿ, ತಿಳಿಸಲೂ ಬೇಡ. ನನಗಂತೂ ಇಬ್ಬರೂ ಬೇಕು,” ಎಂದು ಪ್ರಾರ್ಥಿಸಿದಳು. ಹಾಗೆ ಕೇಳಬಹುದೋ ಇಲ್ಲವೋ ಎಂಬ ಇನ್ನೊಂದು ಭಯ ಹುಟ್ಟಿತು.

ವಾರ ಕಳೆದ ಮೇಲೆ ನರ್ಸ್ ಚಿಕ್ಕವಳನ್ನು ತಂದು ಅವಳ ಎದೆಯ ಮೇಲೆ ಮಲಗಿಸಿದಳು. ಮಗು ತಡಕಾಡಿ, ಸಿಕ್ಕಿದ ಮೇಲೆ ಬಿಡದೆ ಚೀಪಿತು. ನೋವಿಗೆ ಅವಳು ತುಟಿ ಕಚ್ಚಿದಳು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ಆ ದಿನ ಮೊದಲ ಸಲ ತಾನೇ ಕೇಳಿ ಊಟ ಹಾಕಿಸಿಕೊಂಡಳು.